ಬಂದವರು ಯಾರು? ಕರೆತಂದವರು ಯಾರು?

(ಗಿರಣಿ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಹೊರಗಿನವರು ಬಂದು ಊರು ಕಿಕ್ಕಿರಿಯಿತು, ನಮ್ಮ ಕೂಲಿ ಇಳಿಯಿತು ಎಂಬ ಮಾತು ಈಚೆಗೆ ಗಿರಣಿಯ ಬಾಗಿಲಲ್ಲೂ ಚಹದಂಗಡಿಯಲ್ಲೂ ಕೇಳಿಬರುತ್ತಿದೆ. ಕೂಲಿ ಇಳಿದರೆ ಸಿಟ್ಟು ಬರುವುದು ನ್ಯಾಯವೇ. ಆದರೆ ಆ ಸಿಟ್ಟು ಯಾರ ಮೇಲೆ ತಿರುಗಬೇಕು? ಇದಕ್ಕೆ ಉತ್ತರ ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಯಲ್ಲಿದೆ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಾಗ ಇದ್ದದ್ದು ಕುರುಚಲು ಬಯಲು, ಸುತ್ತ ಕೆಲವು ಹಳ್ಳಿ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಗಣಿಯಲ್ಲಿ ದುಡಿಯುವವರೇ ಸುಮಾರು 30,000 ಮಂದಿ. ಈ ಜನ ಎಲ್ಲಿಂದ ಬಂದರು? ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ತಮಿಳರು, ತೆಲುಗರು. ಬಹಳ ಮಂದಿ ತುಂಡು ನೆಲವಿಲ್ಲದ, ಊರ ಬಾವಿಯ ನೀರು ಮುಟ್ಟಗೊಡದ ಜಾತಿಗಳವರು. ಕಂಪನಿಗೆ ಆಳು ಬೇಕಿತ್ತು, ಗುತ್ತಿಗೆದಾರರು ಕರೆತಂದರು. ಜನ ಹೆಚ್ಚಿದ್ದು ಲಾಭದ ಲೆಕ್ಕದಿಂದ.

ಕೆಲಸದ ಹಂಚಿಕೆ ನೋಡಿ. ಮೇಲಿನ ಹುದ್ದೆ ಐರೋಪ್ಯರಿಗೆ, ನಡುವಿನದು ಆಂಗ್ಲೋ-ಇಂಡಿಯನ್ನರಿಗೆ, ಕಾವಲು ಪಂಜಾಬಿಗಳಿಗೆ, ನೆಲದಾಳದ ಕತ್ತಲೆ ಬಡ ಕೂಲಿಗೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಗಣಿಯ ಯಂತ್ರಕ್ಕೆ ಬಂತು. ಕೂಲಿಯವನ ತಟ್ಟಿ ಗುಡಿಸಲಿಗೆ ಬಹುಕಾಲ ಬರಲಿಲ್ಲ. ಹಲವು ಜನಾಂಗ ಒಂದೂರಲ್ಲಿ ಇದ್ದದ್ದು ತಪ್ಪಲ್ಲ. ಜನಾಂಗಕ್ಕೊಂದು ಮೆಟ್ಟಿಲು ಕಟ್ಟಿ, ಮೆಟ್ಟಿಲಿಗೊಂದು ಸಂಬಳ ಇಟ್ಟದ್ದು ತಪ್ಪು.

ಆ ಕೂಲಿಗಳೇ 1930ರಲ್ಲಿ ಬೆರಳಚ್ಚಿನ ನೋಂದಣಿಯ ವಿರುದ್ಧ ಸಾವಿರ ಸಾವಿರವಾಗಿ ಕೆಲಸ ನಿಲ್ಲಿಸಿದರು. ಕಳ್ಳರಂತೆ ಹೆಬ್ಬೆಟ್ಟು ಒತ್ತಲಾರೆವು ಎಂದರು. ದೂರದಿಂದ ಬಂದವನು ಹೇಳಿದ ಹಾಗೆ ಕೇಳುತ್ತಾನೆ ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಾಗಿಲು ಹಾಕುವಾಗ ತಮಿಳನೇ, ತೆಲುಗನೇ, ಕನ್ನಡಿಗನೇ ಎಂದು ಯಾರೂ ಕೇಳಲಿಲ್ಲ. ಸಂಬಳ ನಿಂತಾಗ ಅಂಗಡಿಯ ಗಲ್ಲಾಪೆಟ್ಟಿಗೆಯೂ ಬರಿದಾಗುತ್ತದೆಂಬುದನ್ನು ರಾಬರ್ಟ್‌ಸನ್‌ಪೇಟೆ ಕಂಡಿತು. ಗಣಿಯವರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಒಂದು ಕಾಲಕ್ಕೆ ಬಂದವರ ಮೊಮ್ಮಕ್ಕಳು ಈಗ ಇನ್ನೊಂದೂರಿಗೆ ಹೊರಗಿನವರು!

ಹಾಗಾದರೆ ಕನ್ನಡದ ಗತಿಯೇನು ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಬಂದವರು ಕನ್ನಡ ಕಲಿಯಲೇಬೇಕು. ಕಲಿಸುವ ಹೊಣೆ ನಮ್ಮದು. ಬೈದು ಯಾರಿಗೂ ಭಾಷೆ ಕಲಿಸಲಾಗದು. ಸಂಘದ ಕಚೇರಿಯಲ್ಲಿ ಸಂಜೆಯ ತರಗತಿ ಇಡೋಣ.

ಇನ್ನು ಕೂಲಿಯ ಮಾತು. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಹುಡುಗನಿಗೆ ಮಾಲೀಕ ಕಡಿಮೆ ಕೊಡುವುದು ಅವನು ಸಂಘದ ಹೊರಗಿರುವುದರಿಂದ. ಅವನನ್ನು ಓಡಿಸಿದರೆ ಮಾಲೀಕ ಇನ್ನೊಬ್ಬನನ್ನು ತರುತ್ತಾನೆ. ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡರೆ ಮಾಲೀಕನಿಗೆ ಎರಡು ದರ ನಡೆಸಲು ದಾರಿಯಿಲ್ಲ. ಒಂದೇ ಕೆಲಸಕ್ಕೆ ಒಂದೇ ಕೂಲಿ: ಈ ಬೇಡಿಕೆಯ ಕಾಗದಕ್ಕೆ ಮೊದಲ ರುಜು ಹೊಸಬರದಾಗಲಿ, ಅದರ ಪಕ್ಕದಲ್ಲೇ ನಿಮ್ಮದಿರಲಿ.