ಬಿದಿರು ಮೆಳೆಯ ಹತೋಟಿ ಮತ್ತು ಬೇರ್ಪಡಿಕೆ



ಬೇಲಿಯಂಚಿನಲ್ಲಿ ನೆಟ್ಟ ಬಿದಿರು ಕೆಲವೇ ವರ್ಷಗಳಲ್ಲಿ ಪಕ್ಕದ ಜಮೀನಿಗೆ ದಾಟಿತೆಂಬ ತಕರಾರು ಹಳ್ಳಿಗಳಲ್ಲಿ ಸಾಮಾನ್ಯ. ಸಿಟ್ಟಿನಿಂದ ಮೆಳೆಗೆ ಬೆಂಕಿಯಿಡುವವರೂ ಇದ್ದಾರೆ. ಅದಕ್ಕೆ ಮೊದಲು ಬಿದಿರು ಬೆಳೆಯುವ ಕ್ರಮವನ್ನು ತಿಳಿಯುವುದು ಮೇಲು.

ಚೀನಾ, ಜಪಾನ್ ದೇಶಗಳ ಕೆಲವು ಬಿದಿರುಗಳ ಗೆಡ್ಡೆ ನೆಲದೊಳಗೆ ಉದ್ದಕ್ಕೆ ಹರಿದು, ದೂರದಲ್ಲಿ ಮೇಲೇಳುತ್ತದೆ. ನಮ್ಮ ಹೆಬ್ಬಿದಿರು, ಕಿರುಬಿದಿರು, ಅಂಗಳದ ಹಳದಿ ಬಿದಿರು ಹಾಗಲ್ಲ. ಇವುಗಳ ಗೆಡ್ಡೆ ಗಿಡ್ಡ. ಹಳೆಯ ಗಳದ ಬುಡದ ಮಗ್ಗುಲಲ್ಲೇ ಹೊಸ ಗಳ ಹುಟ್ಟಿ, ಮೆಳೆ ಹೊರಮುಖವಾಗಿ ಅಗಲವಾಗುತ್ತದೆ. ಆದ್ದರಿಂದ ಹತೋಟಿ ಕಷ್ಟವಲ್ಲ.

ಮಳೆಗಾಲದಲ್ಲಿ ಬೇಡದ ಕಡೆ ಎದ್ದ ಕಳಲೆಯನ್ನು ಎಳೆಯದಿರುವಾಗಲೇ ಮುರಿಯಿರಿ. ಮಲೆನಾಡು, ಕೊಡಗಿನವರಿಗೆ ಅದರ ಉಪಯೋಗ ಹೇಳಿಕೊಡಬೇಕಾಗಿಲ್ಲ. ಹೊಸದಾಗಿ ತಿನ್ನುವವರು ಮಾತ್ರ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ ಆ ನೀರನ್ನು ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸೈನೈಡ್ ವಿಷದ ಅಂಶವಿದೆ. ಗಡಿಯ ಕಡೆಗೆ 2 ಅಡಿ ಆಳದ ಕಂದಕ ತೆಗೆದು, ಅದರೊಳಗೆ ಇಣುಕುವ ಬೇರು, ಗೆಡ್ಡೆಗಳನ್ನು ವರ್ಷಕ್ಕೊಮ್ಮೆ ಕಡಿಯತಕ್ಕದ್ದು. ಪಕ್ಕದ ಬೆಳೆಯ ಗೊಬ್ಬರ, ತೇವವನ್ನು ಬಿದಿರಿನ ಬೇರು ಕಸಿಯುವುದೂ ಇದರಿಂದ ತಗ್ಗುತ್ತದೆ.

ಕಟಾವಿನಲ್ಲಿ ನಮ್ಮವರು ಬಹಳ ಮಂದಿ ಉಲ್ಟಾ ನಡೆಯುತ್ತಾರೆ. ಕೈಗೆ ಸಿಗುವ ಹೊರಸುತ್ತಿನ ಎಳೆಯ ಗಳಗಳನ್ನು ಕಡಿದು, ನಡುವಿನ ಮುದಿ ಗಳಗಳನ್ನು ಬಿಡುತ್ತಾರೆ. ಮುಂದಿನ ಕಳಲೆಗೆ ಆಧಾರವಾಗುವುದೇ ಈ ಎಳೆಯವು. ಒಂದೆರಡು ವರ್ಷದವನ್ನು ಉಳಿಸಿ, ಮೂರು ವರ್ಷ ಮೀರಿದವನ್ನು ಮಳೆಗಾಲ ಮುಗಿದ ಮೇಲೆ ತೆಗೆಯಿರಿ. ಒಂದು ಪಕ್ಕದಿಂದ ದಾರಿ ಬಿಡಿಸಿಕೊಂಡು ನಡುವಿಗೆ ಹೋದರೆ ಮೆಳೆ ಕುದುರೆ ಲಾಳದ ಆಕಾರಕ್ಕೆ ಬರುತ್ತದೆ. ಗೆಣ್ಣಿನ ಮೇಲಕ್ಕೇ ಕತ್ತರಿಸಿರಿ. ಇಲ್ಲವಾದರೆ ಕೂಳೆಯ ಟೊಳ್ಳಿನಲ್ಲಿ ನೀರು ನಿಂತು ಕೊಳೆಯುತ್ತದೆ.

ಇನ್ನು ಬೇರ್ಪಡಿಸುವ ವಿಚಾರ. ಮುಂಗಾರಿಗೆ ಸ್ವಲ್ಪ ಮೊದಲು, ಮೆಳೆಯ ಹೊರಸುತ್ತಿನ ಒಂದೆರಡು ವರ್ಷದ ಗಳವನ್ನು ಆರಿಸಿ, ಮೂರು ನಾಲ್ಕು ಅಡಿ ಉಳಿಸಿ ತುದಿ ಕತ್ತರಿಸಿರಿ. ಬುಡದ ಮಣ್ಣು ಬಿಡಿಸಿ, ತಾಯಿಗೆ ಅಂಟಿದ ಕುತ್ತಿಗೆಯನ್ನು ಗರಗಸದಿಂದ ಕೊಯ್ದು, ಗೆಡ್ಡೆಯ ಕಣ್ಣುಗಳಿಗೆ ಏಟಾಗದಂತೆ ಎತ್ತಬೇಕು. ಹಾರೆಯಿಂದ ಮೀಟಿದರೆ ಕಣ್ಣು ಒಡೆಯುತ್ತವೆ. ಅಂಥ ಗಳ ಹಸಿರಾಗಿ ನಿಂತರೂ ಕಳಲೆ ಕೊಡುವುದಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಅಂದೇ ನೆಡಿರಿ. ಹಳದಿ ಬಿದಿರಿಗೆ ಇಷ್ಟು ಶ್ರಮ ಬೇಡ; ಎರಡು ಮೂರು ಗೆಣ್ಣಿನ ತುಂಡನ್ನು ಅಡ್ಡಲಾಗಿ ಹೂತು ತೇವ ಕಾಯ್ದರೆ ಸಾಮಾನ್ಯವಾಗಿ ಚಿಗುರುತ್ತದೆ.

ಹೆಬ್ಬಿದಿರನ್ನು ಹೀಗೆ ಬೇರ್ಪಡಿಸುವಾಗ ತಾಯಿಮೆಳೆಯ ವಯಸ್ಸು ವಿಚಾರಿಸಿರಿ. ಅದು ಸಾಮಾನ್ಯವಾಗಿ ನಾಲ್ಕೈದು ದಶಕಗಳಿಗೊಮ್ಮೆ ಹೂಬಿಟ್ಟು, ಬಿದಿರಕ್ಕಿ ಕೊಟ್ಟು ಒಣಗಿಹೋಗುತ್ತದೆ. ಬೇರ್ಪಡಿಸಿ ತಂದ ಗಳಕ್ಕೂ ತಾಯಿಯದೇ ವಯಸ್ಸು. ಐದು ವರ್ಷದಲ್ಲಿ ತಾಯಿ ಹೂಬಿಡುವುದಾದರೆ ನೀವು ನೆಟ್ಟದ್ದೂ ಹೆಚ್ಚುಕಡಿಮೆ ಆಗಲೇ ಹೂಬಿಟ್ಟು ಸಾಯುತ್ತದೆ; ಗುಂಡಿ, ಗೊಬ್ಬರದ ಖರ್ಚು ದಂಡ. ಊರಿನ ಹಿರಿಯರಿಗೂ ವಯಸ್ಸು ತಿಳಿಯದ ಮೆಳೆಯಾದರೆ ಅದನ್ನು ಬಿಟ್ಟು, ಬೀಜದಿಂದ ಬೆಳೆಸಿದ ಸಸಿಯನ್ನೇ ತನ್ನಿರಿ.