ಹೊಸ ವೈಮಾನಿಕನ ಮೊದಲ ಚಾಕರಿ

ಕಳೆದ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಕೆಲವು ದಿನ ಇದ್ದೆ. ಒಂದು ಸಂಜೆ ಅವಳ ಮಗ ಎರಡು ನೇಮಕಪತ್ರಗಳನ್ನು ನನ್ನ ಮುಂದಿಟ್ಟು, “ಮಾವ, ಇವೆರಡರಲ್ಲಿ ಯಾವುದಕ್ಕೆ ಸೇರಲಿ?” ಎಂದು ಕೇಳಿದ. ಎರಡೂ ಪ್ರಾದೇಶಿಕ ವಿಮಾನ ಸಂಸ್ಥೆಗಳವು. ಜೀವಮಾನವೆಲ್ಲ ಹಳಗನ್ನಡ ಪಾಠ ಹೇಳಿದ ನನಗೆ ಇದರ ಗಂಧ ಎಲ್ಲಿಂದ ಬರಬೇಕು? ಆದರೂ ಹುಡುಗ ಕೇಳಿದ್ದ. ಅಡಿಗೆಮನೆಯಿಂದ ಅವನ ತಾಯಿಯೂ ಕಿವಿಗೊಟ್ಟಿದ್ದಳು.

ಆ ದೇಶದ ದೊಡ್ಡ ವಿಮಾನ ಸಂಸ್ಥೆಗಳು ಸಣ್ಣ ಊರುಗಳ ಹಾರಾಟವನ್ನು ಬಹುಮಟ್ಟಿಗೆ ಗುತ್ತಿಗೆಗೆ ಕೊಟ್ಟಿವೆ. ವಿಮಾನದ ಮೈಮೇಲೆ ಡೆಲ್ಟಾ ಅಥವಾ ಯುನೈಟೆಡ್ ಎಂಬ ಹೆಸರಿರುತ್ತದೆ. ನಡೆಸುವವರು ಸ್ಕೈವೆಸ್ಟ್, ರಿಪಬ್ಲಿಕ್ ಮೊದಲಾದವರು. ಹೊಸ ವೈಮಾನಿಕರು ಸಾಮಾನ್ಯವಾಗಿ ಮೊದಲು ಕೈಪಳಗಿಸಿಕೊಳ್ಳುವುದು ಇಲ್ಲಿ. ಅದಕ್ಕೂ 1500 ಗಂಟೆಗಳ ಹಾರಾಟ ಬೇಕು. ಪದವಿ ಪಡೆದವರಿಗೆ ತುಸು ರಿಯಾಯಿತಿಯುಂಟು. ನನ್ನ ಸೋದರಳಿಯ ಹಾರಾಟದ ಶಾಲೆಯಲ್ಲಿ ಬೋಧಕನಾಗಿ ಆ ಗಂಟೆಗಳನ್ನು ಕೂಡಿಸಿಕೊಂಡವನು. ಅಂತೂ ಮೇಷ್ಟರ ಕುಲವೇ!

ಒಂದು ಸಂಸ್ಥೆ ಸೇರುವಾಗಲೇ ದೊಡ್ಡ ಮೊತ್ತದ ಬೋನಸ್ ಕೊಡುತ್ತಿತ್ತು. ಎರಡು ವರ್ಷದೊಳಗೆ ಬಿಟ್ಟರೆ ಹಿಂತಿರುಗಿಸಬೇಕು. ನೆಲೆ ಮಾತ್ರ ದೂರದ ಪೂರ್ವತೀರದಲ್ಲಿ. ಇನ್ನೊಂದರಲ್ಲಿ ಬೋನಸ್ ಇಲ್ಲ, ನೆಲೆ ಷಿಕಾಗೊ. ಮನೆಯಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ. ತರಬೇತಿಯ ಸಾಲ ಹೊತ್ತವನ ಕಣ್ಣು ಎತ್ತ ಹೋಗುವುದೆಂದು ಹೇಳಬೇಕಾಗಿಲ್ಲ.

ಈ ಉದ್ಯೋಗದಲ್ಲಿ ಜ್ಯೇಷ್ಠತೆಯೇ ಸರ್ವಸ್ವ. ಸೇರಿದ ದಿನದಿಂದ ದೊರೆಯುವ ಕ್ರಮಸಂಖ್ಯೆಯೇ ನೆಲೆ, ರಜೆ, ಕ್ಯಾಪ್ಟನ್ ಆಗುವ ಸರದಿ ಎಲ್ಲವನ್ನೂ ನಿರ್ಧರಿಸುತ್ತದೆ. ಸಂಸ್ಥೆ ಬದಲಾಯಿಸಿದರೆ ಮತ್ತೆ ಪಟ್ಟಿಯ ಕೊನೆಗೆ. 2020ರ ಏಪ್ರಿಲ್‌ನಲ್ಲಿ ಟ್ರಾನ್ಸ್ ಸ್ಟೇಟ್ಸ್, ಕಂಪಾಸ್ ಎಂಬೆರಡು ಸಂಸ್ಥೆಗಳು ಮುಚ್ಚಿದಾಗ, ಅಲ್ಲಿ ವರ್ಷಗಟ್ಟಲೆ ದುಡಿದವರ ಜ್ಯೇಷ್ಠತೆ ಒಂದೇ ವಾರದಲ್ಲಿ ಸೊನ್ನೆಯಾಯಿತು. ಆದ್ದರಿಂದ ಸಂಬಳವೆಷ್ಟು ಎಂದು ಕೇಳುವ ಮೊದಲು ಗುತ್ತಿಗೆ ಯಾರೊಡನೆ, ಎಲ್ಲಿಯವರೆಗೆ ಎಂದು ಕೇಳಬೇಕು. ಆ ಬಗೆಯಲ್ಲಿ ಎರಡೂ ಸರಿಸಮವಾಗಿದ್ದವು.

ಆಗ ಹುಡುಗನೇ ಕೋಲ್ಗನ್ ಸಂಸ್ಥೆಯ ಕಥೆಯನ್ನು ಎತ್ತಿದ. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಬಫಲೊಗೆ ಹೊರಟ ಅದರ ವಿಮಾನ ಇಳಿಯುವ ಮುನ್ನ ಒಂದು ಮನೆಯ ಮೇಲೆ ಬಿತ್ತು. ಸತ್ತವರು 50 ಮಂದಿ. ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣವೆಂದು ತನಿಖೆ ಹೇಳಿತು. ಆಯಾಸದ ಮಾತೂ ಬಂತು. 24 ವರ್ಷದ ಸಹವೈಮಾನಿಕೆ ಸಿಯಾಟಲ್‌ನಲ್ಲಿ ತಂದೆತಾಯಿಯರೊಡನೆ ಇದ್ದವಳು. ಕೆಲಸದ ನೆಲೆಯಾದ ನ್ಯೂವಾರ್ಕ್‌ಗೆ ಹಿಂದಿನ ರಾತ್ರಿಯೆಲ್ಲ ದೇಶವನ್ನು ದಾಟಿ ಬಂದಿದ್ದಳು. 1500 ಗಂಟೆಗಳ ನಿಯಮ 2013ರಲ್ಲಿ ಜಾರಿಗೆ ಬಂದುದು ಈ ದುರಂತದ ಫಲವಾಗಿಯೇ.

ಕೇಳುಗರೇ, ನನಗೆ ನನ್ನ ಮೊದಲ ಚಾಕರಿ ನೆನಪಾಯಿತು. ಸಂಸಾರ ಮೈಸೂರಿನಲ್ಲಿ, ಕಾಲೇಜು ಬಯಲುಸೀಮೆಯ ಮೂಲೆಯಲ್ಲಿ. ಭಾನುವಾರ ರಾತ್ರಿ ಬಸ್ಸು ಹಿಡಿದು, ಬೆಳಿಗ್ಗೆ ನೇರವಾಗಿ ತರಗತಿಗೆ ಹೋಗುತ್ತಿದ್ದೆ. ಒಂದು ಸೋಮವಾರ ಪಂಪನ ಪದ್ಯವನ್ನು ಅರ್ಧದಲ್ಲೇ ಮರೆತು ನಿಂತೆ. ಹುಡುಗರು ನಕ್ಕರು, ಅಷ್ಟೇ. ನನ್ನ ಹಿಂದೆ ಎಪ್ಪತ್ತು ಜನರು ಬೆಲ್ಟು ಬಿಗಿದುಕೊಂಡು ಕುಳಿತಿರಲಿಲ್ಲ.

ಇದನ್ನು ಹೇಳಿ, “ಸಾಲ ತಡವಾಗಿ ತೀರಲಿ, ಷಿಕಾಗೊಗೆ ಸೇರು” ಎಂದೆ. ಎರಡು ದಿನ ಯೋಚಿಸಿ ಅವನು ಹಾಗೆಯೇ ಮಾಡಿದ.

ನನ್ನ ಲೆಕ್ಕದಲ್ಲಿ ಒಂದು ತಪ್ಪಿತ್ತು. ಹೊಸಬರು ಮೀಸಲಿನಲ್ಲಿರಬೇಕು, ಕರೆ ಬಂದ ಎರಡು ಗಂಟೆಯೊಳಗೆ ನಿಲ್ದಾಣದಲ್ಲಿರಬೇಕೆಂಬುದು ಅವನ ಸಂಸ್ಥೆಯ ಕಟ್ಟಳೆ. ಮೂರು ಗಂಟೆಯ ದಾರಿಯವನು ಮನೆಯಲ್ಲಿ ಕೂರುವಂತಿಲ್ಲ. ಈಗ ಷಿಕಾಗೊದಲ್ಲಿ ಮೂವರೊಡನೆ ಒಂದು ಕೋಣೆ ಹಿಡಿದಿದ್ದಾನೆ. ರಜೆ ಸಿಕ್ಕ ದಿನ ನಿದ್ದೆ ಮುಗಿಸಿಕೊಂಡೇ ಕಾರು ಹತ್ತುತ್ತಾನೆ. ತಂಗಿ ಹುಳಿ ಮಾಡಿಟ್ಟುಕೊಂಡು ಕಾಯುತ್ತಾಳೆ.