ಒಂದು ಹೊತ್ತಿನ ಪರೀಕ್ಷೆ
(ಪಕ್ಷದ ವಿದ್ಯಾರ್ಥಿ-ಯುವಜನ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಕಾಲೇಜಿಗೆ ಬರುವ ಹುಡುಗ ಓದಬಲ್ಲನೆ, ಬರೆಯಬಲ್ಲನೆ, ಲೆಕ್ಕ ಮಾಡಬಲ್ಲನೆ ಎಂದು ಸರ್ಕಾರವೇ ಒಂದು ಪರೀಕ್ಷೆಯಿಟ್ಟು ನೋಡಬೇಕೆಂಬ ವಾದ ಕೇಳಲು ಬಹು ಸೊಗಸು. ಬೇಡವೆಂದವನನ್ನು ದಡ್ಡರ ವಕೀಲನೆಂದು ಬಿಡಬಹುದು. ಆದರೆ ಈ ವಾದವನ್ನು ಆಚರಿಸಿ ನೋಡಿದ ದೇಶವೊಂದಿದೆ. ಅದು ಸಮಾಜವಾದಿ ದೇಶವೇನೂ ಅಲ್ಲ, ಅಮೆರಿಕ.

ಅಲ್ಲಿಯ ಟೆಕ್ಸಾಸ್ ರಾಜ್ಯ ೧೯೮೭ರಲ್ಲಿ ಕಾನೂನು ಮಾಡಿ, ೧೯೮೯ರಿಂದ ಸಾರ್ವಜನಿಕ ಕಾಲೇಜುಗಳ ವಿದ್ಯಾರ್ಥಿಗಳಿಗೆ ಓದು, ಬರಹ, ಗಣಿತ ಈ ಮೂರರಲ್ಲಿ ಪರೀಕ್ಷೆಯನ್ನು ಜಾರಿಗೆ ತಂದಿತು. ತೇರ್ಗಡೆಯಾಗದವರು ಪೂರಕ ತರಗತಿಗೆ ಕೂರಬೇಕು. ಮರ್ಮವಿರುವುದು ಇಲ್ಲಿಯೇ. ಆ ತರಗತಿಗೆ ಶುಲ್ಕ ಉಂಟು, ಪದವಿಯ ಲೆಕ್ಕಕ್ಕೆ ಮಾತ್ರ ಅದು ಬಾರದು. ಹಗಲೆಲ್ಲ ದುಡಿದು ಸಂಜೆ ಓದುವವನು ಹಣ ತೆತ್ತು ಇದ್ದಲ್ಲಿಯೇ ಇರುತ್ತಾನೆ. ದೇಶದಾದ್ಯಂತ ಇಂಥ ತರಗತಿಗಳಿಗೆ ತಳ್ಳಲ್ಪಟ್ಟವರಲ್ಲಿ ಬಡವರ, ಕಪ್ಪು ಜನರ ಮಕ್ಕಳ ಪ್ರಮಾಣವೇ ಹೆಚ್ಚು. ಎಷ್ಟೋ ಮಂದಿ ಪದವಿಯ ಮೊದಲ ಪಾಠವನ್ನೇ ಕೇಳದೆ ಕಾಲೇಜು ಬಿಟ್ಟರು.

೨೦೧೨ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಪರೀಕ್ಷೆಗಳನ್ನೇ ಪರೀಕ್ಷೆಗೆ ಗುರಿಮಾಡಿದರು. ಪದವಿಯ ಪಾಠವನ್ನು ನಿಭಾಯಿಸಬಲ್ಲವರನ್ನೂ ಅವು ಪೂರಕ ತರಗತಿಗೆ ತಳ್ಳಿದ್ದುವು. ಹೈಸ್ಕೂಲಿನ ಅಂಕಗಳೇ ಹೆಚ್ಚು ನಂಬಿಕೆಗೆ ಯೋಗ್ಯವೆಂದು ಕಂಡುಬಂತು. ಇದರಲ್ಲಿ ಆಶ್ಚರ್ಯವೇನು? ಶಾಲೆಯ ಅಂಕದಲ್ಲಿ ಹುಡುಗನ ನಾಲ್ಕು ವರ್ಷಗಳ ದುಡಿಮೆಯಿದೆ. ಆ ಪರೀಕ್ಷೆಯಲ್ಲಿ ಒಂದು ಬೆಳಗಿನ ನೆಗಡಿಯೂ ಇರಬಹುದು. ೨೦೧೩ರಲ್ಲಿ ಫ್ಲಾರಿಡ ತನ್ನ ಸರ್ಕಾರಿ ಶಾಲೆಗಳಿಂದ ಬಂದ ಬಹುತೇಕ ಮಕ್ಕಳನ್ನು ಈ ಪರೀಕ್ಷೆಯಿಂದ ಬಿಟ್ಟುಕೊಟ್ಟಿತು. ೨೦೧೭ರಲ್ಲಿ ಕ್ಯಾಲಿಫೋರ್ನಿಯವೂ ಕಾನೂನು ಮಾಡಿ ಹೈಸ್ಕೂಲಿನ ಅಂಕಗಳನ್ನು ಎಣಿಕೆಗೆ ತಂದಿತು.

ನಾವು ನಡೆದದ್ದು ಎದುರು ದಿಕ್ಕಿಗೆ. ೨೦೨೨ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಬಂದಿತು. ಅಂದಿನಿಂದ ಹನ್ನೆರಡನೆಯ ತರಗತಿಯ ಅಂಕ ಬಾಗಿಲು ತಟ್ಟಲು ಮಾತ್ರ. ಬಾಗಿಲು ತೆರೆಯುವುದು ಗಣಕಯಂತ್ರದ ಮುಂದಿನ ಆ ಪರೀಕ್ಷೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಪಕ್ಕದ ಆಳಂದದ ರೈತನ ಮಗಳು ತನ್ನ ಹೊಲದ ಬದುವಿನಾಚೆಗಿರುವ ಆ ತರಗತಿಗೆ ಹೋಗಲು ದಿಲ್ಲಿಯ ಸಂಸ್ಥೆ ನಡೆಸುವ ಪರೀಕ್ಷೆಯನ್ನು ಗೆಲ್ಲಬೇಕು. ಕನ್ನಡದಲ್ಲಿ ಬರೆಯಬಹುದೆಂಬುದು ನಿಜ, ಒಳ್ಳೆಯದು. ಆದರೆ ತರಬೇತಿಯ ಅಂಗಡಿ ಆಕೆಯ ಹಳ್ಳಿಯಲ್ಲಿಲ್ಲ. ಇದ್ದರೂ ಶುಲ್ಕ ಕೊಡುವವರಾರು?

೨೦೨೧ರಲ್ಲಿ ದಿಲ್ಲಿಯ ಕೆಲವು ಕಾಲೇಜುಗಳು ನೂರಕ್ಕೆ ನೂರು ಅಂಕ ಕೇಳಿದುವಲ್ಲ, ಬೋರ್ಡಿನ ಅಂಕಕ್ಕೆ ಬೆಲೆಯೆಲ್ಲಿದೆ ಎನ್ನುತ್ತಾರೆ. ಸರಿ, ಉತ್ತರಪತ್ರಿಕೆ ತಿದ್ದುವ ಮೇಷ್ಟ್ರಾಗಿದ್ದ ನಾನು ಅಂಕಗಳು ಉಬ್ಬುವುದನ್ನು ಅಲ್ಲಗಳೆಯಲಾರೆ. ಆದರೆ ನೂರು ಜನಕ್ಕೆ ಹತ್ತು ಸ್ಥಾನವಿದ್ದಾಗ ಯಾವ ಜರಡಿ ಹಿಡಿದರೂ ತೊಂಬತ್ತು ಜನ ಕೆಳಗೆ ಬೀಳುತ್ತಾರೆ. ಸಿಯುಇಟಿ ಒಂದು ಬೆಂಚನ್ನೂ ಹೆಚ್ಚಿಸಿಲ್ಲ.

ಹನ್ನೆರಡನೆಯ ತರಗತಿಯ ಅಂಕಕ್ಕೆ ಪ್ರವೇಶದಲ್ಲಿ ಅರ್ಧ ತೂಕ, ಪ್ರತಿ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪುಕ್ಕಟೆ ತರಬೇತಿ, ಕಡಗಂಚಿಯಲ್ಲಿ ಹೆಚ್ಚು ಸ್ಥಾನ: ಈ ನಿಲುವಳಿಯನ್ನು ಮಧ್ಯಾಹ್ನದ ಸಭೆಯ ಮುಂದಿಡುತ್ತೇನೆ. ಈ ವರ್ಷ ಅರ್ಜಿಯನ್ನೇ ಹಾಕದೆ ಉಳಿದ ಮಕ್ಕಳು ನಿಮ್ಮ ನಿಮ್ಮ ಊರುಗಳಲ್ಲಿ ಎಷ್ಟು, ಏಕೆ ಎಂಬುದನ್ನು ಬರೆದುಕೊಂಡು ಬಂದವರು ಅದನ್ನು ಊಟಕ್ಕೆ ಮೊದಲು ಕಾರ್ಯದರ್ಶಿಯವರಿಗೆ ಒಪ್ಪಿಸಿರಿ.